‘ಎಲ್ಲ ಸೇರಿದೆ’ ಅನ್ನುವ ಗೇಟಿನ ಹೊರಗೆ

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕುಟುಂಬಗಳ ವಾಟ್ಸಾಪ್ ಗ್ರೂಪುಗಳಲ್ಲಿ ನೀಲಿ ಸಮುದ್ರದ ಚಿತ್ರಗಳು ಶುರುವಾಗುತ್ತವೆ. ಟೊರೊಂಟೊದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮ ಹುಡುಗರು ಅಲ್ಲಿನ ಹಿಮದಿಂದ ಒಂದು ವಾರ ತಪ್ಪಿಸಿಕೊಳ್ಳಲು ಜಮೈಕಕ್ಕೋ ಪುಂಟ ಕಾನಾಕ್ಕೋ ಹೋಗುತ್ತಾರೆ. ಈಗೀಗ ಊರಿನಿಂದ ಬಂದಿರುವ ಉಪ್ಪ, ಉಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದಾರೆ. ಅದು ಒಳ್ಳೆಯದೇ. ದುಡಿದ ದುಡ್ಡು, ಹಲಾಲಾದ ದುಡ್ಡು, ಖರ್ಚು ಮಾಡಲಿ. ನನ್ನ ತಕರಾರು ಆ ಚಿತ್ರದ ಮೂಲೆಯಲ್ಲಿ ಕೊರೆದಿರುವ ಎರಡು ಪದಗಳ ಬಗ್ಗೆ: ‘ಆಲ್ ಇನ್‌ಕ್ಲೂಸಿವ್’. ಕೆರಿಬಿಯನ್‌ಗೆ ಹೋಗಿ, ಆದರೆ ಆ ಪ್ಯಾಕೇಜ್ ತಗೊಳ್ಳಬೇಡಿ. ಹೇಳಬೇಕಾದದ್ದು ಇಷ್ಟೇ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು.

ಅಂಗಡಿಯ ಮಕ್ಕಳಿಗೆ ‘ಫ್ರೀ’ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಚಾಪುಡಿಯ ಪ್ಯಾಕೆಟಿನ ಜೊತೆ ಚಮಚ ಫ್ರೀ ಬಂದರೆ ಚಮಚದ ದುಡ್ಡು ಚಾಪುಡಿಯಲ್ಲಿ ಇದ್ದೇ ಇದೆ. ಆಲ್ ಇನ್‌ಕ್ಲೂಸಿವ್ ರಿಸಾರ್ಟಿನ ದರವೂ ಹಾಗೆಯೇ. ರೂಮು, ಮೂರು ಹೊತ್ತಿನ ಬಫೆ, ಆಟ, ರಾತ್ರಿಯ ಹಾಡುಕುಣಿತ, ಇವುಗಳ ಜೊತೆಗೆ ಬೆಳಿಗ್ಗೆಯಿಂದ ಮಧ್ಯರಾತ್ರಿವರೆಗೆ ತೆರೆದಿರುವ ಬಾರು. ಗಿರಾಕಿಗಳೆಲ್ಲ ಸರಾಸರಿ ಎಷ್ಟು ಕುಡಿಯುತ್ತಾರೆ ಅಂತ ಲೆಕ್ಕ ಹಾಕಿ ತಲೆಗಿಷ್ಟು ಅಂತ ದರ ಕಟ್ಟುತ್ತಾರೆ. ಒಂದು ತೊಟ್ಟೂ ಮುಟ್ಟದ ನಮ್ಮ ಕುಟುಂಬ ಪಕ್ಕದ ಮೇಜಿನವನ ರಮ್ಮಿನ ಬಿಲ್ಲಿಗೆ ಪಾಲು ಕೊಡುತ್ತದೆ. ಹಲಾಲ್ ಕೋಳಿ ಎಲ್ಲಿ ಸಿಗುತ್ತದೆ ಅಂತ ಹತ್ತು ಕಡೆ ಫೋನ್ ಮಾಡುವ ನಾವು, ಈ ಒಂದು ಬಾಬ್ತನ್ನು ಮಾತ್ರ ಕಣ್ಣು ಮುಚ್ಚಿ ಕಟ್ಟಿಬಿಡುತ್ತೇವೆ. ಮುಫ್ತಿಗಳು ಏನು ಹೇಳುತ್ತಾರೋ ಅದು ಅವರಿಗೆ ಬಿಟ್ಟದ್ದು. ನಾನು ವ್ಯಾಪಾರದ ಲೆಕ್ಕವಷ್ಟೇ ಹೇಳುತ್ತಿದ್ದೇನೆ: ತಗೊಳ್ಳದ ಸಾಮಾನಿಗೆ ಹಣ ಕೊಡುವವನನ್ನು ನಮ್ಮ ಅಂಗಡಿಸಾಲಿನಲ್ಲಿ ಬುದ್ಧಿವಂತ ಅಂತ ಕರೆಯುತ್ತಿರಲಿಲ್ಲ.

ಆದರೆ ಇದು ನಮ್ಮ ಜೇಬಿನ ಮಾತಾಯಿತು. ದೊಡ್ಡ ಮಾತು ಗೇಟಿನ ಹೊರಗೆ ಇದೆ.

ರಿಸಾರ್ಟಿನ ಗೇಟು ದಾಟಿದರೆ ರಸ್ತೆಯ ಬದಿಯಲ್ಲಿ ಎಳನೀರಿನವನು ಇರುತ್ತಾನೆ, ಕೋಳಿ ಸುಡುವವನು ಇರುತ್ತಾನೆ, ಟ್ಯಾಕ್ಸಿಯವನು, ಒಂದು ಸಣ್ಣ ದಿನಸಿ ಅಂಗಡಿ. ಊಟ, ನೀರು, ತಿಂಡಿ ಎಲ್ಲಕ್ಕೂ ಮೊದಲೇ ಹಣ ಕಟ್ಟಿ ಬಂದವನು ಆ ಕಡೆ ಹೋಗುವುದೇ ಇಲ್ಲ. ಹೋದರೆ ಎರಡು ಸಲ ದುಡ್ಡು ಕೊಟ್ಟ ಹಾಗೆ ಅಂತ ಅವನಿಗೆ ಅನಿಸುತ್ತದೆ. ಆ ಅನಿಸಿಕೆಯನ್ನು ಕಟ್ಟುವುದೇ ಪ್ಯಾಕೇಜಿನ ಕೆಲಸ. ಏರ್‌ಪೋರ್ಟಿನಿಂದ ರಿಸಾರ್ಟಿನ ಬಸ್ಸು, ವಾರ ಕಳೆದ ಮೇಲೆ ಅದೇ ಬಸ್ಸಿನಲ್ಲಿ ವಾಪಸ್ಸು. ನಡುವೆ ಜಮೈಕ ಅನ್ನುವ ದೇಶ ಕಿಟಕಿಯಿಂದ ಕಂಡದ್ದು ಎಷ್ಟೋ ಅಷ್ಟೇ.

ಬೇರೆ ಯಾರಿಗಲ್ಲದಿದ್ದರೂ ನಮಗೆ ಇದು ನೋಯಬೇಕು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಅಂತ ಎದೆಯುಬ್ಬಿಸಿ ಹೇಳುವ ಜನ ನಾವು. ಬಸ್‌ಸ್ಟ್ಯಾಂಡಿನ ಬದಿಯ ಗೂಡಂಗಡಿ, ಒಣಮೀನಿನ ಬುಟ್ಟಿ, ಬೀಡಿ, ಜವಳಿ, ಕಡ ಬರೆಯುವ ಪುಸ್ತಕ, ಇವುಗಳ ಮೇಲೆ ನಿಂತ ಮನೆಗಳು ನಮ್ಮವು. ಉಪ್ಪಳದಲ್ಲಿ ನಮ್ಮ ಉಪ್ಪನ ಅಂಗಡಿ ನಡೆದದ್ದೇ ದಾರಿಯಲ್ಲಿ ಹೋಗುವವರಿಂದ. ಹೋಗುವ ಬರುವ ಜನರನ್ನೆಲ್ಲ ಒಂದು ಕಾಂಪೌಂಡಿನೊಳಗೆ ಕೂಡಿಹಾಕಿ, ‘ಹೊರಗಿನದ್ದು ತಿನ್ನಬೇಡಿ, ಸೇಫ್ ಅಲ್ಲ’ ಅಂತ ಯಾರಾದರೂ ಬೋರ್ಡು ಹಾಕಿದ್ದರೆ ನಾನು ಡಿಪ್ಲೊಮಾ ಓದುತ್ತಿರಲಿಲ್ಲ. ಈಗ ಅದೇ ಅಂಗಡಿಯ ದುಡ್ಡಿನಲ್ಲಿ ಓದಿದ ಮಕ್ಕಳು ಆ ಕಾಂಪೌಂಡಿನ ಒಳಗೆ ಕೂತು ಸೆಲ್ಫಿ ಹಾಕುತ್ತೇವೆ.

‘ಅಲ್ಲಿನವರಿಗೆ ಕೆಲಸ ಸಿಗುತ್ತದಲ್ಲ ಮಾರಾಯ್ರೆ’ ಅಂತ ಹೇಳುವವರು ಇದ್ದಾರೆ. ಸಿಗುತ್ತದೆ, ಸುಳ್ಳಲ್ಲ. ಈ ದ್ವೀಪಗಳಲ್ಲಿ ಸಕ್ಕರೆಯ ಕಾಲ ಮುಗಿದ ಮೇಲೆ ಪ್ರವಾಸೋದ್ಯಮವೇ ಅನ್ನ. ಆದರೆ ಸಂಬಳ ಬೇರೆ, ಲಾಭ ಬೇರೆ. ರೂಮು ಗುಡಿಸುವವಳ ಸಂಬಳ ರಿಸಾರ್ಟಿನ ಖರ್ಚಿನ ಕಲಂನಲ್ಲಿ ಬರುತ್ತದೆ, ಅದನ್ನು ಎಷ್ಟು ಕಡಿಮೆ ಇಟ್ಟರೆ ಯಜಮಾನನಿಗೆ ಅಷ್ಟು ಲಾಭ. ಕೋಳಿ ಸುಡುವವನ ಕೈಗೆ ಬಂದ ದುಡ್ಡಿನಲ್ಲಿ ಉಳಿದದ್ದು ಅವನದೇ, ನಾಳೆ ಇನ್ನೊಂದು ಒಲೆ ಹಚ್ಚಲು. ಪ್ಯಾಕೇಜಿನ ಹಣದಲ್ಲಿ ಒಂದು ಪಾಲು ವಿಮಾನ ಕಂಪನಿಗೆ, ಒಂದು ಪಾಲು ಟೂರ್ ಏಜೆನ್ಸಿಗೆ, ಇನ್ನೊಂದು ಪಾಲು ಹಡಗಿನಲ್ಲಿ ಬರುವ ಮಾಂಸ, ಹಾಲು, ಚೀಸಿಗೆ. ಜಮೈಕದಲ್ಲಿ 1990ರ ದಶಕದಲ್ಲಿ ಆಮದಿನ ಬಾಗಿಲು ತೆರೆದಾಗ ಅಗ್ಗದ ಹಾಲಿನ ಪುಡಿ ಬಂದು ಅಲ್ಲಿನ ಹೈನುಗಾರರನ್ನು ಹೇಗೆ ನೆಲ ಕಚ್ಚಿಸಿತು ಎಂಬುದನ್ನು ಸ್ಟೆಫನಿ ಬ್ಲ್ಯಾಕ್ 2001ರಲ್ಲಿ ಮಾಡಿದ ‘ಲೈಫ್ ಆ್ಯಂಡ್ ಡೆಟ್’ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ರಿಸಾರ್ಟ್ ಬುಕ್ ಮಾಡುವ ಮೊದಲು ಅದನ್ನೊಮ್ಮೆ ನೋಡಿ. ಎಲ್ಲ ಮಾಲೀಕರೂ ಪರದೇಶಿಗಳಲ್ಲ ಅನ್ನುವುದೂ ನಿಜ. 1981ರಲ್ಲಿ ಮಾಂಟೆಗೊ ಬೇಯಲ್ಲಿ ಸ್ಯಾಂಡಲ್ಸ್ ಶುರುಮಾಡಿದ ಬುಚ್ ಸ್ಟೀವರ್ಟ್ ಜಮೈಕದವರೇ. ಆದರೆ ಯಜಮಾನ ಊರಿನವನಾದರೆ ಗೇಟು ತೆಳ್ಳಗಾಗುವುದಿಲ್ಲ.

ಇನ್ನು ಕಡಲಿನ ವಿಷಯ. ಕಡಲ ಬದಿಯ ಜನರಾದ ನಮಗೆ ನಂಬಲು ಕಷ್ಟವಾಗುವಂಥದ್ದು. ಜಮೈಕದ ಬೀಚ್ ಕಂಟ್ರೋಲ್ ಆ್ಯಕ್ಟ್ 1956ರದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1962ರಲ್ಲಿ, ಅಂದರೆ ಕಾನೂನು ಬ್ರಿಟಿಷರದು. ತೀರದ ಹಕ್ಕು ಕ್ರೌನಿನದು, ಅಂದರೆ ಸರ್ಕಾರದ್ದು, ಸರ್ಕಾರ ಲೈಸೆನ್ಸ್ ಕೊಟ್ಟವನು ಬಳಸಬಹುದು. ಸಾಮಾನ್ಯ ಜನರಿಗೆ ಕಡಲಿಗಿಳಿಯುವ ಹುಟ್ಟುಹಕ್ಕನ್ನು ಆ ಕಾನೂನು ಒಪ್ಪುವುದಿಲ್ಲ. ಇದರ ಪರಿಣಾಮ, ಅಜ್ಜನ ಕಾಲದಿಂದ ಮಿಂದ, ದೋಣಿ ಎಳೆದ ತೀರಕ್ಕೆ ಒಂದು ದಿನ ಬೇಲಿ ಬೀಳುತ್ತದೆ. ಮ್ಯಾಮೀ ಬೇ, ಬ್ಲೂ ಲಗೂನ್ ಮುಂತಾದ ಕಡೆ ಊರಿನವರು ಕೋರ್ಟು ಹತ್ತಿದ್ದಾರೆ. ಜಮೈಕ ಬೀಚ್ ಬರ್ತ್‌ರೈಟ್ ಎನ್ವಿರಾನ್‌ಮೆಂಟಲ್ ಮೂವ್‌ಮೆಂಟ್ ಎಂಬ ಸಂಘಟನೆ ಆ ಕೇಸುಗಳ ಹಿಂದೆ ನಿಂತಿದೆ. ಅವರು ಹಿಡಿದಿರುವುದು 1882ರ ಇನ್ನೊಂದು ಕಾನೂನು: 20 ವರ್ಷ ತಡೆಯಿಲ್ಲದೆ ಜನ ಬಳಸಿದ ತೀರದ ಮೇಲೆ ಜನರಿಗೆ ಹಕ್ಕು ಬರುತ್ತದೆ ಅನ್ನುವಂಥದ್ದು. ಬ್ರೋಶರಿನಲ್ಲಿ ‘ಪ್ರೈವೇಟ್ ಬೀಚ್’ ಅಂತ ಓದಿದಾಗ ನಮಗೆ ಖುಷಿಯಾಗುತ್ತದಲ್ಲ, ಆ ಪದದ ಇನ್ನೊಂದು ಬದಿಯಲ್ಲಿ ಇರುವವರು ಇವರು. ನಾಳೆ ಮಂಜೇಶ್ವರದ ಕಡಪ್ಪುರದಲ್ಲಿ ಬೂತಾಯಿ ಬಲೆ ಎಳೆಯುವವರನ್ನು ವಾಚ್‌ಮ್ಯಾನ್ ತಡೆದರೆ ಈ ಖುಷಿ ಇರುತ್ತದೆಯೇ?

ಬಾರ್ಬುಡಾದ ಕತೆ ಇನ್ನೂ ಕಠೋರ. ಗುಲಾಮಗಿರಿ ಹೋದ ಕಾಲದಿಂದ ಆ ಸಣ್ಣ ದ್ವೀಪದ ಜನ ನೆಲವನ್ನು ಎಲ್ಲರದೂ ಅಂತ ಉಳಿಸಿಕೊಂಡು ಬಂದವರು, ಮಾರುವುದಿಲ್ಲ, ಕೊಳ್ಳುವುದಿಲ್ಲ. 2007ರಲ್ಲಿ ಅದು ಕಾನೂನಾಗಿಯೂ ಬಂತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಹೆಚ್ಚುಕಡಿಮೆ ಪ್ರತಿಯೊಂದು ಕಟ್ಟಡಕ್ಕೂ ಹಾನಿ ಮಾಡಿತು, ಸುಮಾರು 1,800 ಜನರನ್ನೂ ಪಕ್ಕದ ಆ್ಯಂಟಿಗುವಾಕ್ಕೆ ಸಾಗಿಸಿದರು. ಜನ ಇನ್ನೂ ಮನೆಗೆ ಮರಳಿ ನೆಲೆಯಾಗುವ ಮೊದಲೇ ಅಲ್ಲಿ ಹೊಸ ಏರ್‌ಪೋರ್ಟಿಗೆ ಕಾಡು ಕಡಿಯುವ ಕೆಲಸ ಶುರುವಾಗಿತ್ತು, ನೆಲದ ಕಾನೂನನ್ನು ತಿದ್ದಿ ಖಾಸಗಿ ಮಾಲೀಕತ್ವಕ್ಕೆ ದಾರಿ ಮಾಡುವ ಕೆಲಸವೂ. ಐಷಾರಾಮಿ ರಿಸಾರ್ಟುಗಳು ಬರುವ ದ್ವೀಪಕ್ಕೆ ಜೆಟ್ ಇಳಿಯಬೇಕಲ್ಲ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ‘ಯಾರೂ ಮುಟ್ಟದ ತೀರ’ ಅಂತ ಜಾಹೀರಾತು ಬಂದಾಗ, ಯಾರನ್ನು ಮುಟ್ಟದ ಹಾಗೆ ಮಾಡಿದ್ದಾರೆ ಅಂತ ಕೇಳಬೇಕಾಗುತ್ತದೆ.

ಕೆರಿಬಿಯನ್ ನೋಡದವನು ಹೇಗೆ ಮಾತಾಡುತ್ತಾನೆ ಅಂತ ಕೇಳುವವರಿಗೆ: ನಾನು ಗಲ್ಫಿನ ಒಂದು ದೊಡ್ಡ ಬೀಚ್ ಹೋಟೆಲಿನ ಮೇಂಟೆನೆನ್ಸ್‌ನಲ್ಲಿ ಆರು ವರ್ಷ ಚಿಲ್ಲರ್, ಪಂಪು ನೋಡಿಕೊಂಡವನು. ಹಿಂಬಾಗಿಲ ಯಂತ್ರಗಳು ಎಲ್ಲ ದೇಶದಲ್ಲೂ ಒಂದೇ. ಆ್ಯಂಟಿಗುವಾದಲ್ಲಿ ನದಿಯಿಲ್ಲ, ನಲ್ಲಿ ನೀರಿನ ಬಹುಪಾಲು ಸಮುದ್ರದ ಉಪ್ಪುನೀರನ್ನು ರಿವರ್ಸ್ ಆಸ್ಮೋಸಿಸ್‌ನಲ್ಲಿ ಸಿಹಿ ಮಾಡಿದ್ದು. ಸಮುದ್ರದ ನೀರಿಗೆ 55ರಿಂದ 70 ಬಾರ್ ಒತ್ತಡ ಬೇಕು, ಆ ಪಂಪು ತಿನ್ನುವ ಕರೆಂಟಿಗೆ ಇಂಧನ ಹಡಗಿನಲ್ಲಿ ಬರಬೇಕು. ಪ್ರತಿ ರೂಮಿಗೊಂದು ಪ್ಲಂಜ್ ಪೂಲ್, ಅದೂ ಸಮುದ್ರದಿಂದ ನಲವತ್ತು ಹೆಜ್ಜೆ ದೂರದಲ್ಲಿ! ಇನ್ನೊಂದು ವಿಷಯ, ಯಾವ ಬ್ರೋಶರೂ ಹೇಳದ್ದು: 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿ ರಾಶಿಯಾಗಿ ಈ ತೀರಗಳಿಗೆ ಬಂದು ಬೀಳುತ್ತಿದೆ. ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ, ಆ ಗ್ಯಾಸ್ ಎಸಿಯ ತಾಮ್ರದ ಕಾಯಿಲನ್ನು ಕೂಡ ತಿನ್ನುತ್ತದೆ. ಬೇಸಗೆಯಲ್ಲಿ ಹೋಗುವವರು ಅಟ್ಲಾಂಟಿಕ್ ಕಡೆಗೆ ಮುಖ ಮಾಡಿದ ತೀರವನ್ನು ಬಿಟ್ಟು ಪಶ್ಚಿಮದ ತೀರ ಹಿಡಿಯುವುದು ಲೇಸು.

ಸರಿ, ಹಾಗಾದರೆ ಎಲ್ಲಿಗೆ ಹೋಗುವುದು? ನನ್ನ ಉತ್ತರ ಬಾರ್ಬಡೋಸ್. ಅಲ್ಲಿ ತೀರಗಳೆಲ್ಲ ಸಾರ್ವಜನಿಕ. ಎಂಥ ದುಬಾರಿ ಹೋಟೆಲಿನ ಮುಂದೆಯೂ ಮೀನುಗಾರನ ಮಗ ಟವೆಲ್ ಹಾಸಿ ಕೂರಬಹುದು. ಹೋಟೆಲುಗಳ ನಡುವೆ ಹಾದು ಹೋಗುವ ದಾರಿಗಳು ಸಣ್ಣದಾಗುತ್ತಿವೆ ಅಂತ ಅಲ್ಲಿಯೂ ಜಗಳವಿದೆ, ಆದರೆ ಜಗಳ ಮಾಡಲು ಹಕ್ಕಾದರೂ ಇದೆ. ದಕ್ಷಿಣ ತೀರದಲ್ಲಿ ಅಡುಗೆಮನೆ ಇರುವ ಸಣ್ಣ ಅಪಾರ್ಟ್‌ಮೆಂಟುಗಳು, ಮನೆಯವರೇ ನಡೆಸುವ ಗೆಸ್ಟ್‌ಹೌಸುಗಳು ಸಿಗುತ್ತವೆ. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, 1975ರಿಂದ ಬದಲಾಗಿಲ್ಲ, ಲೆಕ್ಕ ಸುಲಭ. ‘ಝಡ್‌ಆರ್’ ಅನ್ನುವ ಬಿಳಿ ವ್ಯಾನುಗಳು ನಮ್ಮ ಸರ್ವೀಸ್ ಜೀಪಿನ ಹಾಗೆ ತುಂಬಿಕೊಂಡು ಹೋಗುತ್ತವೆ. ಉಮ್ಮನಿಗೆ ಹಿಡಿಸಲಿಕ್ಕಿಲ್ಲ, ಮಕ್ಕಳಿಗೆ ಹಿಡಿಸುತ್ತದೆ.

ಊಟದ ಚಿಂತೆ ಮಾಡುವವರಿಗೆ ಮೀನು ಇದೆ. ಹಾರುವ ಮೀನು ಮತ್ತು ಕೂಕೂ ಅಲ್ಲಿನ ರಾಷ್ಟ್ರೀಯ ಊಟ. ಕೂಕೂ ಅಂದರೆ ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಗೊಟಾಯಿಸಿದ ಮುದ್ದೆ. ಅದೇ ಎಣ್ಣೆಯಲ್ಲಿ ಹಂದಿ ಕರಿದಿದ್ದಾರಾ ಅಂತ ಒಂದು ಮಾತು ಕೇಳಿ ತಗೊಂಡರಾಯಿತು. ಶುಕ್ರವಾರ ರಾತ್ರಿ ಓಯಿಸ್ಟಿನ್ಸ್‌ನಲ್ಲಿ ಮೀನಿನ ಸಂತೆಯೇ ನಡೆಯುತ್ತದೆ, ಮಕ್ಕಳ ಜೊತೆ ಹೋಗುವವರು ಸಂಜೆಯೇ ಹೋಗಿ ಬೇಗ ಬಂದುಬಿಡಿ, ಆಮೇಲೆ ಕುಡಿತ, ಗದ್ದಲ ಜಾಸ್ತಿ.

ಮುಸ್ಲಿಮರೂ ಅಲ್ಲಿದ್ದಾರೆ, ಮಸೀದಿಗಳಿವೆ. ಅವರು ಬಂದ ಬಗೆ ನಮ್ಮವರು ತಿಳಿದುಕೊಳ್ಳಬೇಕಾದದ್ದು. ಸುಮಾರು ನೂರು ವರ್ಷದ ಹಿಂದೆ ಬಂಗಾಳದಿಂದ, ಆಮೇಲೆ ಸೂರತ್ ಕಡೆಯ ಹಳ್ಳಿಗಳಿಂದ ಹೋದವರು ಬಟ್ಟೆಯ ಗಂಟು ಹೊತ್ತು ಊರೂರು ತಿರುಗಿ ಬಡವರ ಮನೆಬಾಗಿಲಲ್ಲಿ ಕಡಕ್ಕೆ ಮಾರಿದರು, ವಾರವಾರ ಸ್ವಲ್ಪ ಸ್ವಲ್ಪ ವಸೂಲಿ. ಅಂಗಡಿಗಳು ಆಮೇಲೆ ಬಂದವು. ಸಾಬಿರ್ ನಖುದಾ ಎಂಬವರು ಇದರ ಚರಿತ್ರೆಯನ್ನು ‘ಬೆಂಗಾಲ್ ಟು ಬಾರ್ಬಡೋಸ್’ ಅಂತ ಬರೆದಿದ್ದಾರೆ. ನಖುದಾ ಅಂದರೆ ಹಡಗಿನ ಯಜಮಾನ, ನಮ್ಮ ಕರಾವಳಿಗೆ ಗೊತ್ತಿರುವ ಹೆಸರೇ. ಕಾಂಪೌಂಡಿನೊಳಗೆ ಏಳು ದಿನ ಇದ್ದು ಬಂದವರಿಗೆ ಈ ಜನ ಸಿಗುವುದಿಲ್ಲ. ಬ್ರಿಡ್ಜ್‌ಟೌನಿನಲ್ಲಿ ಜುಮಾ ಮುಗಿಸಿ ಹೊರಗೆ ಬಂದವರಿಗೆ ಸಿಗುತ್ತಾರೆ.

ನನಗೆ ಗಟ್ಟಿಯಾಗಿ ಕಾಣುವ ಆಕ್ಷೇಪ ಒಂದೇ: ಹೆಂಗಸರ ಮರೆ. ಗೋಡೆ ಇರುವ ಪೂಲ್ ಇದ್ದರೆ ಮನೆಯ ಹೆಂಗಸರು ನೆಮ್ಮದಿಯಿಂದ ನೀರಿಗಿಳಿಯಬಹುದು ಅಂತಾರೆ. ನ್ಯಾಯವಾದ ಮಾತು. ಆದರೆ ಆಲ್ ಇನ್‌ಕ್ಲೂಸಿವ್‌ನ ಪೂಲ್ ಅಂಥದ್ದಲ್ಲ, ಅದರ ನಡುವೆಯೇ ಬಾರ್ ಇರುತ್ತದೆ. ಮರೆ ಬೇಕಾದವರು ಎರಡು ಮೂರು ಕುಟುಂಬ ಸೇರಿ ಪೂಲ್ ಇರುವ ಒಂದು ಮನೆಯನ್ನೇ ಬಾಡಿಗೆಗೆ ಹಿಡಿಯಲಿ. ತಲೆಗೆ ಹಂಚಿ ನೋಡಿ, ಎಷ್ಟೋ ಸಲ ಪ್ಯಾಕೇಜಿಗಿಂತ ಕಡಿಮೆ ಬೀಳುತ್ತದೆ, ತರಕಾರಿ, ಮೀನು ಊರಿನ ಪೇಟೆಯಿಂದಲೇ ಬರುತ್ತದೆ. ಸುರಕ್ಷತೆಯ ಮಾತಿಗೆ ಬಂದರೆ, ಮಾಂಟೆಗೊ ಬೇ ಇರುವ ಸೇಂಟ್ ಜೇಮ್ಸ್‌ನಲ್ಲಿ 2018ರಲ್ಲಿ ತುರ್ತುಪರಿಸ್ಥಿತಿಯನ್ನೇ ಹೇರಿದ್ದರು, ಹೆದರಿಕೆ ಸುಳ್ಳಲ್ಲ. ಅದಕ್ಕೆ ಮದ್ದು ಗೋಡೆಯ ಹಿಂದೆ ಕೂರುವುದಲ್ಲ, ಗೋಡೆ ಬೇಡದ ಊರನ್ನು ಆರಿಸುವುದು.

ಹೊರಡುವ ಮುಂಚೆ ಎರಡು ಮಾತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ದರ ಇಳಿಯುವುದು ಅದಕ್ಕೇ. 2024ರ ಜೂನ್ 29ರಂದು ಬ್ರಿಡ್ಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡವೇ ಬೆರಿಲ್ ಚಂಡಮಾರುತದಿಂದಾಗಿ ಹೊರಡಲಾಗದೆ ಅಲ್ಲೇ ಉಳಿಯಬೇಕಾಯಿತು, ನೆನಪಿರಬಹುದು. ಮತ್ತೆ, ಮಿಲಿಟರಿ ಬಣ್ಣದ ಚಡ್ಡಿ, ಟೋಪಿ ಮಕ್ಕಳಿಗೂ ಹಾಕಬೇಡಿ, ಬಾರ್ಬಡೋಸ್‌ನಲ್ಲಿ ಅದು ಕಾನೂನಿಗೆ ವಿರುದ್ಧ.

ಏಜೆಂಟ್ ಫೋನ್ ಮಾಡಿದಾಗ ಸ್ಟಾರ್ ಎಷ್ಟು, ರೆಸ್ಟೋರೆಂಟ್ ಎಷ್ಟು ಅಂತ ಕೇಳುವ ಮೊದಲು ಇದನ್ನು ಕೇಳಿ: ನಿಮ್ಮ ಗೇಟಿನಿಂದ ಹತ್ತಿರದ ದಿನಸಿ ಅಂಗಡಿಗೆ ನಡೆದು ಹೋಗಲು ಎಷ್ಟು ನಿಮಿಷ ಬೇಕು? ಊರಿನ ಮಕ್ಕಳು ಈ ತೀರಕ್ಕೆ ಈಜಲು ಬರುತ್ತಾರಾ? ಕುಡಿಯದವರಿಗೆ ದರದಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ?

ಮೂರನೆಯದಕ್ಕೆ ಅವನು ನಗುತ್ತಾನೆ. ಮೊದಲಿನ ಎರಡಕ್ಕೆ ಏನು ಹೇಳುತ್ತಾನೆ ಅಂತ ನೋಡಿಕೊಂಡು ಬುಕ್ ಮಾಡಿ.