ಗೆರೆ ದಾಟುವ ಲಾರಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಹಳೆಯ ಗಾದೆ. ಅದರ ತಿರುಳನ್ನು ದೇಶದ ಗಡಿ ದಾಟಿ ಸರಕು ಸಾಗಿಸುವ ಲಾರಿಯ ಚಾಲಕನಷ್ಟು ಚೆನ್ನಾಗಿ ಬಲ್ಲವರು ವಿರಳ. ಹಗಲಿರುಳು ದಾರಿ ಸವೆಸಿದ ದಣಿವು, ಮನೆಯಲ್ಲಿ ಕಾದಿರುವ ಮಡದಿಮಕ್ಕಳು, ಬರಬೇಕಾದ ಬಾಡಿಗೆ—ಇವಾವುವೂ ಅಲ್ಲಿ ಲೆಕ್ಕಕ್ಕೆ ಬಾರವು. ಲೆಕ್ಕಕ್ಕೆ ಬರುವುವು ಎರಡೇ: ಕೈಯಲ್ಲಿರುವ ಕಾಗದ, ಗಾಡಿಯಲ್ಲಿರುವ ಸರಕು. ಅವೆರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಆಗದಿದ್ದರೆ ಮೊದಲು ಉತ್ತರ ಹೇಳಬೇಕಾದವನು ಗಾಡಿ ನಡೆಸುವವನು.

ಕೋಲ್ಕತ್ತದಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ, ಹಳೆಯ ಮರಗಳ ನೆರಳು ಕವಿದ ಜೆಸ್ಸೋರ್ ರಸ್ತೆಯ ಮೇಲೆ, ಪೆಟ್ರಾಪೋಲ್ ಎಂಬ ಗಡಿಯೂರಿದೆ. ಅದರ ಎದುರಿಗೆ ಬಾಂಗ್ಲಾದೇಶದ ಬೆನಾಪೋಲ್. ಎರಡು ದೇಶಗಳ ನೆಲದಾರಿಯ ವ್ಯಾಪಾರದಲ್ಲಿ ಅತಿ ದೊಡ್ಡ ಪಾಲು ನಡೆಯುತ್ತ ಬಂದಿರುವುದು ಇಲ್ಲಿಯೇ. ಸುಂಕ, ವಲಸೆ, ಭದ್ರತೆಗಳ ತಪಾಸಣೆಯನ್ನು ಒಂದೇ ಆವರಣಕ್ಕೆ ತಂದ ಠಾಣೆ 2016ರಲ್ಲಿ ತೆರೆಯಿತು. 2024ರ ಅಕ್ಟೋಬರಿನಲ್ಲಿ ಸರಕಿನ ಲಾರಿಗಳಿಗೆಂದೇ ‘ಮೈತ್ರೀ ದ್ವಾರ’ವೆಂಬ ಬಾಗಿಲಿನ ಉದ್ಘಾಟನೆಯಾಯಿತು.

ಇಲ್ಲಿಂದ ಹೊರಟ ಲಾರಿ ನೇರವಾಗಿ ಢಾಕಾ ಸೇರುವುದೆಂದು ಹಲವರ ಭಾವನೆ. ಸಾಮಾನ್ಯವಾಗಿ ಹಾಗಲ್ಲ. ಭಾರತದ ಲಾರಿ ಬೆನಾಪೋಲಿನ ಸರಕಿನ ಅಂಗಳದವರೆಗೆ ಹೋಗಿ, ಅಲ್ಲಿ ಹೊರೆಯಿಳಿಸಿ ಹಿಂದಿರುಗಬೇಕು. ಮುಂದಿನ ದಾರಿ ಆ ದೇಶದ ಲಾರಿಗಳದು. ಇಷ್ಟು ಪಯಣಕ್ಕೆ ‘ಕಾರ್ ಪಾಸ್’ ಎಂಬ ರಹದಾರಿ ಬೇಕು. ಹೆಸರಿನಲ್ಲಿ ಕಾರು ಇದ್ದರೂ ಅದು ಲಾರಿಗೆ ಸಲ್ಲುವ ಪತ್ರ. ಅದನ್ನು ಹಿಡಿದವನು ಅಂಗಳವನ್ನು ಬಿಟ್ಟು ಪೇಟೆ ಸುತ್ತಲು ಹೋಗಕೂಡದು. ಒಂದು ಗಡಿಯ ರೂಢಿ ಇನ್ನೊಂದಕ್ಕೆ ಸಲ್ಲದೆಂಬುದೂ ನೆನಪಿರಲಿ. ಬಿಹಾರದ ರಕ್ಸೌಲಿನಲ್ಲಿ, ವಾಹನದ ಸುಂಕ ತೆತ್ತು ಅನುಮತಿ ಪಡೆದ ಭಾರತದ ಲಾರಿ ನೇಪಾಳದ ಒಳನಾಡಿಗೂ ಹೋಗಬಲ್ಲುದು.

ಹೊರಡುವ ಮುನ್ನ ನೋಡಿಕೊಳ್ಳಬೇಕಾದ ಕಾಗದಗಳು ಹಲವು. ಚಾಲನೆಯ ಲೈಸೆನ್ಸು, ಗಾಡಿಯ ನೋಂದಣಿ, ವಿಮೆ ಇವು ಎಲ್ಲ ದಾರಿಗೂ ಬೇಕಾದುವು. ಗಡಿಗಾಗಿ ಸರಕಿನ ಬೆಲೆಪಟ್ಟಿ, ಮೂಟೆ ಪೆಟ್ಟಿಗೆಗಳ ಎಣಿಕೆಯ ಪಟ್ಟಿ, ಹಡಗಿನ ಸುಳಿವೇ ಇಲ್ಲದಿದ್ದರೂ ‘ಷಿಪ್ಪಿಂಗ್ ಬಿಲ್’ ಎನ್ನಿಸಿಕೊಳ್ಳುವ ರಫ್ತಿನ ಅರ್ಜಿ, ಇವೆಲ್ಲ ಬೇಕು. ಇವನ್ನು ಬರೆಯಿಸುವವರು ವರ್ತಕರು, ಕ್ಲಿಯರಿಂಗ್ ಏಜೆಂಟರು. ಆದರೆ ಲಾರಿಯ ನಂಬರಿನಲ್ಲಿ ಒಂದಂಕಿ ತಪ್ಪಿದರೂ, ಇಪ್ಪತ್ತು ಪೆಟ್ಟಿಗೆಯಿರುವಲ್ಲಿ ಇಪ್ಪತ್ತೊಂದಿದ್ದರೂ, ತಡೆದು ನಿಲ್ಲುವುದು ಚಾಲಕನ ಗಾಡಿ. ಇಂಗ್ಲಿಷು ಬಾರದವನು ನಾಚಿಕೆಪಡದೆ ಪ್ರತಿಯೊಂದನ್ನೂ ಏಜೆಂಟನಿಂದ ಓದಿಸಿ ಕೇಳುವುದು ಲೇಸು.

ಎರಡನೆಯದು ಕಾಲದ ಲೆಕ್ಕ. ಬಾಂಗ್ಲಾದೇಶದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದು. ಅಲ್ಲಿನ ಕಚೇರಿಗಳ ವಾರದ ರಜೆ ಶುಕ್ರವಾರ, ಶನಿವಾರ. ಈದ್ ಹಬ್ಬಕ್ಕೂ ದುರ್ಗಾಪೂಜೆಗೂ ವ್ಯಾಪಾರ ನಿಲ್ಲುವುದುಂಟು. ಹಿಂದೆ ಬನ್‌ಗಾಂವ್ ಸುತ್ತಿನ ಅಂಗಳಗಳಲ್ಲಿ ಲಾರಿಗಳು ವಾರಗಟ್ಟಲೆ ಕಾಯುತ್ತಿದ್ದವು. 2022ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಸರದಿಯನ್ನು ಮುಂಗಡವಾಗಿ ಕಾದಿರಿಸುವ ‘ಸುವಿಧಾ’ ವ್ಯವಸ್ಥೆಯನ್ನು ತಂದಿತು. ಆದರೂ ಸರ್ಕಾರದ ಒಂದು ಆಜ್ಞೆ ಸಾಲನ್ನೇ ನಿಲ್ಲಿಸಬಲ್ಲುದು. 2020ರ ಸೆಪ್ಟೆಂಬರ್ 14ರಂದು ಭಾರತವು ಈರುಳ್ಳಿಯ ರಫ್ತನ್ನು ನಿಷೇಧಿಸಿದಾಗ, ತುಂಬಿದ ಲಾರಿಗಳು ಗಡಿಯಲ್ಲೇ ಉಳಿದು ಸರಕು ಕೊಳೆಯತೊಡಗಿತು. ದೇಶದ ಅಡುಗೆಮನೆಗಳಲ್ಲಿ ಬೆಲೆಯಿಳಿಸಲೆಂದು ಹೊರಟ ಆಜ್ಞೆಗೆ ದಾರಿಯಲ್ಲಿ ಸಿಕ್ಕಿದವರು ಈ ಚಾಲಕರು. ಆದುದರಿಂದ ಕಾಯುವ ದಿನಗಳ ಊಟದ ವೆಚ್ಚ ಯಾರದು, ಭತ್ಯವೆಷ್ಟು, ಕೆಟ್ಟ ಸರಕಿನ ನಷ್ಟ ಯಾರಿಗೆ ಎಂಬುದನ್ನು ಹೊರಡುವ ಮುನ್ನವೇ ಮಾಲೀಕನೊಡನೆ ತೀರ್ಮಾನಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾದಿರುವುದು ಮರಳುವ ಖಾಲಿ ಲಾರಿಯಲ್ಲಿ. “ಒಂದು ಸಣ್ಣ ಪೊಟ್ಟಣ, ಆ ಕಡೆ ಒಬ್ಬರು ಬಂದು ಇಸಿದುಕೊಳ್ಳುತ್ತಾರೆ” ಎಂದು ಯಾರೋ ನಯವಾಗಿ ಕೇಳಬಹುದು. ಹೀಗೆ ಮರಳಿದ ಲಾರಿಗಳ ಮೂಲೆಗಳಲ್ಲಿ ಅಡಗಿಸಿದ ಬಂಗಾರದ ಬಿಸ್ಕತ್ತುಗಳನ್ನು ಗಡಿ ಭದ್ರತಾ ಪಡೆ ಹಲವು ಸಲ ಹಿಡಿದಿದೆ. 1962ರ ಸುಂಕ ಕಾಯಿದೆಯಂತೆ ಕಳ್ಳಸರಕಿನ ಜೊತೆಗೆ ಅದನ್ನು ಹೊತ್ತ ವಾಹನವೂ ಮುಟ್ಟುಗೋಲಿಗೆ ಗುರಿಯಾಗುತ್ತದೆ. ತಿಳಿಯದೆ ನಡೆದುದೆಂದು ಸಾಬೀತು ಮಾಡುವ ಹೊಣೆ ವಾಹನದವರದೇ. ಪೊಟ್ಟಣ ಕೊಟ್ಟವನು ಆಗ ಕಣ್ಣಿಗೆ ಬೀಳುವುದಿಲ್ಲ. ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ, ಆಸನದ ಅಡಿ, ಉಪಕರಣದ ಪೆಟ್ಟಿಗೆ, ಟಾರ್ಪಾಲಿನ ಮಡಿಕೆಗಳನ್ನೆಲ್ಲ ತಾನೇ ತಡಕಿ ನೋಡುವ ಚಾಲಕನನ್ನು ಸಂಶಯದವನೆಂದು ಜೊತೆಯವರು ನಗಬಹುದು. ನಗಲಿ. ಆ ಸಂಶಯವೇ ಅವನ ಸಂಸಾರದ ಕಾವಲು.

ಸುಂಕದವನಿಗೆ ಹೇಳಿಕೊಳ್ಳಲಾಗದ ಸುಖದುಃಖವನ್ನು ಮನೆಗೆ ಮರಳಿ ಹೆಂಡತಿಯ ಮುಂದೆ ಹೇಳಿಕೊಳ್ಳಬೇಕೆಂಬುದು ಪ್ರತಿಯೊಬ್ಬ ಚಾಲಕನ ಆಸೆ. ಗೆರೆಯ ಈಚೆಗೆ ನಿಂತು ಹತ್ತು ನಿಮಿಷ ಕಾಗದ ಓದಿಸಿಕೊಂಡು, ಹತ್ತು ನಿಮಿಷ ಗಾಡಿ ತಡಕಿದವನಿಗೆ ಆ ಭಾಗ್ಯ ತಪ್ಪುವುದು ಅಪರೂಪ.