ಚೆಂಡು ಯಾರಪ್ಪನ ಮನೆಯದು?

'ಫುಟ್‌ಬಾಲ್ ಕನ್ನಡ ನೆಲದ ಆಟವಲ್ಲ' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಬಹುಪಾಲು ಓದಿಕೊಂಡವರೇ. ಅದು ಬಂಗಾಳಿಗಳದಂತೆ, ಗೋವಾದವರದಂತೆ, ಮಲಯಾಳಿಗಳದಂತೆ. ನಮ್ಮದೇನಿದ್ದರೂ ಕುಸ್ತಿ, ಕಬಡ್ಡಿ, ಆಮೇಲೆ ಕೊಂಚವೂ ನಾಚಿಕೆಯಿಲ್ಲದೆ ಕ್ರಿಕೆಟ್! ಒಬ್ಬರೇ ದೊರೆಗಳು ಹಡಗಿನಲ್ಲಿ ತಂದ ಎರಡು ಆಟಗಳಲ್ಲಿ ಒಂದು ಮನೆಮಗನಾಯಿತು, ಇನ್ನೊಂದು ಜಗಲಿಯ ಮೇಲೇ ಉಳಿಯಿತು. ಯಾಕೆ ಸ್ವಾಮಿ ಎಂದು ಕೇಳಿದರೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ನಮ್ಮ ಗಂಡಸಿಯ ಕಡೆ ಕ್ರಿಕೆಟ್ ನಮ್ಮದು ಎನ್ನುವುದಕ್ಕೆ ಒಂದು ನೆಪವಾದರೂ ಇದೆ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು. 1991ರಲ್ಲಿ ಮೊದಲ ಟೆಸ್ಟ್ ಆಡಿದ ಶ್ರೀನಾಥ್ 236 ವಿಕೆಟ್ ಕಿತ್ತು ನಿಲ್ಲಿಸುವವರೆಗೂ ನಮ್ಮ ತಾಲ್ಲೂಕಿನ ಒಂದು ಹೆಸರು ದೇಶದೇಶದ ಕಾಮೆಂಟರಿಯಲ್ಲಿ ಕೇಳುತ್ತಿತ್ತು. ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ಕೊಬ್ಬರಿ ರೇಟು ಬಿಟ್ಟು ಬೇರೆ ಮಾತಾಡದವರೂ ಆ ಹೆಸರಿಗೆ ಎದೆ ಉಬ್ಬಿಸುತ್ತಿದ್ದರು. ಉಬ್ಬಿಸಲಿ, ನಾನೂ ಉಬ್ಬಿಸಿದವನೇ. ಆದರೆ ಹೆಸರಿನ ಹಿಂದೆ ಒಂದು ಊರಿದ್ದರೆ ಆಟ ನಮ್ಮದಾಗುತ್ತದೆ ಎಂಬುದೇ ನ್ಯಾಯವಾದರೆ, ಸಾರಂಗಪಾಣಿ ರಾಮನ್ ಹಿಂದೆ ಊರಿರಲಿಲ್ಲವೆ? ಅಹಮದ್ ಖಾನ್ ಹಿಂದೆ ಇರಲಿಲ್ಲವೆ? ಆ ಊರು ಬೆಂಗಳೂರು.

1891ರಿಂದ ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪು ಗೋರಾ ಪಲ್ಟನ್ನುಗಳ ಮನೆಯ ಸ್ವತ್ತಾಗಿತ್ತು. ಅದನ್ನು ಅವರ ಕೈಯಿಂದ ಮೊಟ್ಟಮೊದಲು ಕಿತ್ತುಕೊಂಡ ಭಾರತೀಯ ತಂಡ ಕಲ್ಕತ್ತೆಯದಲ್ಲ, ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಸಾಲದೆಂಬಂತೆ 1938ರಲ್ಲಿ ಇನ್ನೊಮ್ಮೆ. ಮೋಹನ್ ಬಾಗಾನ್ 1911ರಲ್ಲಿ ಬರಿಗಾಲಲ್ಲಿ ಗೋರಾಗಳನ್ನು ಸೋಲಿಸಿದ್ದನ್ನು ಬಂಗಾಳದ ಮಕ್ಕಳು ಇಂದಿಗೂ ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯವೆಂದೇ ಕೇಳಿ ಬೆಳೆಯುತ್ತಾರೆ. ನಮ್ಮ 1937 ನಮ್ಮ ಮಕ್ಕಳಿಗಿರಲಿ, ಮೇಷ್ಟ್ರುಗಳಿಗೇ ಗೊತ್ತಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಇದೇ ರಾಮನ್. ಫ್ರಾನ್ಸಿನ ಎದುರು ಎರಡು ಪೆನಾಲ್ಟಿ ಕಳೆದುಕೊಂಡು 2-1ರಲ್ಲಿ ಸೋತೆವು ನಿಜ. ಆದರೆ ಆಡಿದವರಲ್ಲಿ ಹೆಚ್ಚಿನವರ ಕಾಲಿಗೆ ಬೂಟೇ ಇರಲಿಲ್ಲ! ಮೈಸೂರು ರಾಜ್ಯದ ತಂಡ 1946-47ರಿಂದ 1968-69ರೊಳಗೆ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಮನೆಗೆ ತಂದಿತು. ಕರ್ನಾಟಕ ಮೊದಲ ರಣಜಿ ಟ್ರೋಫಿ ಗೆದ್ದದ್ದು ಅದಾದ ಮೇಲೆ, 1974ರಲ್ಲಿ. ಹಾಗಿದ್ದರೆ ಯಾವುದು ಹಳೆಯ ನೆಂಟಸ್ತಿಕೆ?

ಇದನ್ನೆಲ್ಲ ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಹಲಸೂರಿನ ಗೌತಮಪುರದ ಹುಡುಗನೊಬ್ಬ ಪಕ್ಕದ ಕೋಣೆಯಲ್ಲಿದ್ದ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಪರೀಕ್ಷೆಗೆ ಕನ್ನಡ. ಅವರ ಕೇರಿಯಲ್ಲಿ ಕೂಸು ನಿಂತುಕೊಳ್ಳುವ ಮೊದಲೇ ಒದೆಯುತ್ತದೆ ಎನ್ನುತ್ತಿದ್ದ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿರುವ ಕೇರಿ ಅದು. 1990ರ ವಿಶ್ವಕಪ್ ಹೊತ್ತಿಗೆ ಪರೀಕ್ಷೆ ಮುಗಿಯದೆ ಉಳಿದಿದ್ದ ನಾವು ಹತ್ತಿಪ್ಪತ್ತು ಜನ ಮೆಸ್ಸಿನ ಟೀವಿಯ ಮುಂದೆ ಕೂತಿರುತ್ತಿದ್ದೆವು. ಮರಡೋನಾನ ಅರ್ಜೆಂಟೀನಾವನ್ನು ಕ್ಯಾಮರೂನ್ 1-0ರಲ್ಲಿ ಕೆಡವಿದ ರಾತ್ರಿ ಅವನು ಅಡುಗೆಯವರನ್ನೂ ಎಬ್ಬಿಸಿ ಕುಣಿಸಿದ. ಆಮೇಲೆ ಬೆಳಗಿನವರೆಗೂ ಅಹಮದ್ ಖಾನರ ಕತೆ, ರಾಮನ್ ಕತೆ, 1962ರ ಜಕಾರ್ತಾದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕತೆ. ನಾನು ಕೇಳಿದ ಅತ್ಯುತ್ತಮ ಉಪನ್ಯಾಸ ಅದು, ಹಾಜರಿ ಇರಲಿಲ್ಲ ಅಷ್ಟೆ. ಈ ವಿಷಯದ ಮೇಲೆ ಒಂದು ಪ್ರಬಂಧ ಬರೆಯುತ್ತೇನೆಂದು ಅವನು ಹೋದಾಗ ಒಬ್ಬ ಅಧ್ಯಾಪಕರು, "ಅದು ದಂಡಿನವರ ಆಟ ಕಣಪ್ಪ, ನಮ್ಮ ಸಂಸ್ಕೃತಿಗೆ ಸೇರಿದ್ದು ಏನಾದರೂ ತಗೋ" ಎಂದು ವಾಪಸು ಕಳಿಸಿದರು. ಆ 'ನಮ್ಮ'ದಲ್ಲಿ ಅವನು ಸೇರಿದ್ದನೋ ಇಲ್ಲವೋ, ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಉತ್ತರ ಇಲ್ಲೇ ಇದೆ. ಬೆಂಗಳೂರಿನ ದಂಡು 1947ರವರೆಗೆ ಮೈಸೂರಿನ ಆಡಳಿತದಲ್ಲಿರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಜಾಗವೇನೋ ವಾಪಸು ಬಂತು. ಜನರನ್ನು ಮಾತ್ರ ನಾವು ಮನಸ್ಸಿನ ನಕ್ಷೆಯೊಳಗೆ ಕರೆದುಕೊಳ್ಳಲಿಲ್ಲ. ಸಾಬರು, ತಮಿಳರು, ಕೇರಿಯವರು ಆಡಿದ್ದು ದಂಡಿನ ಆಟವಾಗಿಯೇ ಉಳಿಯಿತು. ಕ್ರಿಕೆಟ್ಟಿಗೆ ಬಸವನಗುಡಿ, ಮಲ್ಲೇಶ್ವರಗಳ ಜಗಲಿ ಸಿಕ್ಕಿತು, ಅಲ್ಲಿಂದ ಪತ್ರಿಕೆಯ ಕಚೇರಿಗೆ ದಾರಿ ಹತ್ತಿರ. ಅವರೂ ನಮ್ಮ ಬಳಿ ಬರಲಿಲ್ಲವಲ್ಲ ಎನ್ನುವವರಿದ್ದಾರೆ. ಬರಲು ಬಾಗಿಲು ತೆರೆದಿತ್ತೆ ಎಂದು ಅವರು ನನ್ನ ಗೆಳೆಯನನ್ನು ಕೇಳಬೇಕು.

ಹಾಡಿನ ವಿಷಯದಲ್ಲೂ ಇದೇ ಪಂಕ್ತಿಭೇದ. ಅದೇ ಹಾಸ್ಟೆಲಿನಲ್ಲಿ 1987ರ 'ಪ್ರೇಮಲೋಕ'ದ ಕ್ಯಾಸೆಟ್ಟು ಸವೆದು ಎಳೆದೆಳೆದು ಹಾಡುತ್ತಿತ್ತು. ಎದುರು ಕೋಣೆಯ ಪೇಟೆ ಹುಡುಗರದು ಮೈಕೆಲ್ ಜಾಕ್ಸನ್, ಅವರಿಗೆ ಹಂಸಲೇಖ ಎಂದರೆ ನಗು. ತರಗತಿಯಲ್ಲಿ ಎರಡೂ ಒಂದೇ ಏಟಿಗೆ 'ಅಬ್ಬರದ ಪಾಶ್ಚಾತ್ಯ ಅನುಕರಣೆ'. ಹಾಗೆ ಅಂದವರು ಸಂಜೆ ಹಾರ್ಮೋನಿಯಂ ಮುಂದೆ ಕೂತು ಭಾವಗೀತೆ ಹಾಡುತ್ತಿದ್ದರು. ಹಾರ್ಮೋನಿಯಂ ಫ್ರಾನ್ಸಿನಲ್ಲಿ ಹುಟ್ಟಿದ ಪೆಟ್ಟಿಗೆ, ಭಾರತೀಯವಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿ ಮೂರು ದಶಕ ಬಾಗಿಲು ತೆರೆದಿರಲಿಲ್ಲ! ಅಷ್ಟರಲ್ಲಿ ನಮ್ಮ ಕಂಪನಿ ನಾಟಕಗಳು ಅದಿಲ್ಲದೆ ಪರದೆ ಏಳುವುದಿಲ್ಲ ಎನ್ನುವಷ್ಟು ಅದನ್ನು ನಮ್ಮದು ಮಾಡಿದ್ದವು. ಚೌಡಯ್ಯನವರ ಪಿಟೀಲು ಯಾವ ದೇಶದ್ದು? ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಷರೀಫರನ್ನು ಹಾಡಿದಾಗಲೂ ಮೂಗು ಮುರಿದವರನ್ನು ಕಂಡಿದ್ದೇನೆ. 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದ ಮೇಲೆ ಅದೇ ಮೂಗುಗಳು ನೆಟ್ಟಗಾದವು.

2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಬೆಳಿಗ್ಗೆ ಟೀ ಅಂಗಡಿಯಲ್ಲಿ ನಾನು ಪತ್ರಿಕೆ ಹಿಡಿದು, ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್ ಎಂದು ಗಟ್ಟಿಯಾಗಿ ಓದಿದೆ. ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಇವರೆಲ್ಲ ಕನ್ನಡದವರೇ ಏನಪ್ಪಾ?" ಅಂದರು. ನಾನಂದೆ, "ಮೇಷ್ಟ್ರೇ, ಬೆಂಗಳೂರಿನ ಅಹಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿಗೆ ಆಡಿದರು. ಮುಂದಿನ ಸಾಲಿನಲ್ಲಿ ಅವರೂ ಸೇರಿ ಐದು ಜನ, ಐವರೂ ದಕ್ಷಿಣದವರು. ಬಂಗಾಳದವರು ಇವರೆಲ್ಲ ಬಂಗಾಳಿಗಳೇ ಎಂದು ಕೇಳಲಿಲ್ಲ. ಪಂಚಪಾಂಡವರು ಅಂತ ಹೆಸರಿಟ್ಟರು."