ಫ್ಯಾನ್ ತಿರುಗಿದ್ರೆ ಸಾಕಾ?

ಕಾಮಗೆರೆಯಂಥ ಊರಲ್ಲಿ ಕೂತು ಕಂಪನಿ ಕೆಲಸ ಮಾಡೋರಿಗೆ ಡೆಸ್ಕ್‌ಟಾಪ್ ಆನ್ ಆಗದಿದ್ರೆ ಒಂದು ದಿನ ಹೋದಂಗೆ. ಸಿಪಿಯು ಬಾಕ್ಸ್ ಹೊತ್ತು ಕೊಳ್ಳೇಗಾಲದ ಬಸ್ ಹತ್ತಬೇಕು. ಅಲ್ಲಿ ‘ಮದರ್‌ಬೋರ್ಡ್ ಹೋಗಿದೆ’ ಅಂದ್ರೆ ಸಾವಿರಗಟ್ಟಲೆ ಖರ್ಚು. ಅದಕ್ಕೂ ಮೊದಲು ಮಲ್ಟಿಮೀಟರ್ ಹಿಡಿದು ಪವರ್ ಸಪ್ಲೈ ನೋಡಿಬಿಡಿ.

ಪ್ಲಗ್ ತೆಗೆದು, ಸಪ್ಲೈಯಿಂದ ಮದರ್‌ಬೋರ್ಡಿಗೆ ಹೋಗುವ ಎಲ್ಲ ಕನೆಕ್ಟರ್ ಬಿಡಿಸಿ. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ. 24 ಪಿನ್ ಕನೆಕ್ಟರಿನಲ್ಲಿ ಕಪ್ಪು ಪ್ರೋಬನ್ನು ಕಪ್ಪು ವೈರಿನ ಪಿನ್ನಿಗೆ ಇಡಿ. ಪ್ಲಗ್ ಹಾಕಿದ ಕೂಡಲೇ ನೇರಳೆ ವೈರಿನಲ್ಲಿ 5 ವೋಲ್ಟ್ ಬರಬೇಕು. ಸಾಕೆಟ್, ಕೇಬಲ್ ಸರಿಯಿದ್ದೂ ಬರದಿದ್ರೆ ಸಪ್ಲೈ ಹೋಗಿದೆ.

ಬಂದ್ರೆ ಮತ್ತೆ ಪ್ಲಗ್ ತೆಗೆದು, ಹಸಿರು ಮತ್ತು ಕಪ್ಪು ಪಿನ್ನುಗಳನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಆಮೇಲೆ ಆನ್ ಮಾಡಿ. ಫ್ಯಾನ್ ತಿರುಗಿತು ಅಂತ ಬಿಡಬೇಡಿ, ಅಳೆಯಿರಿ:

ಹಳದಿ: 11.4ರಿಂದ 12.6 ವೋಲ್ಟ್
ಕೆಂಪು: 4.75ರಿಂದ 5.25
ಕಿತ್ತಳೆ: 3.14ರಿಂದ 3.47

ಇದರಾಚೆ ಹೋದ್ರೆ ಸಪ್ಲೈ ಬದಲಿಸಿ. ಎಲ್ಲಾ ಸರಿಯಿದ್ದೂ ಭಾರದ ಕೆಲಸ ಕೊಟ್ಟಾಗ ಪಿಸಿ ರೀಸ್ಟಾರ್ಟ್ ಆಗ್ತಿದ್ಯಾ? ಎಲ್ಲಾ ಮೊದಲಿನಂತೆ ಜೋಡಿಸಿ, ಪಿಸಿ ಓಡುವಾಗಲೇ ಖಾಲಿ ಇರುವ 4 ಪಿನ್ ಡ್ರೈವ್ ಕನೆಕ್ಟರಿನ ಹಳದಿ ವೈರ್ ಅಳೆಯಿರಿ. ಲೋಡ್ ಬಿದ್ದಾಗ 11.4ಕ್ಕಿಂತ ಇಳಿದರೆ ಕಳ್ಳ ಸಿಕ್ಕಿದ.

ಒಂದು ಮಾತು ಮಾತ್ರ ಮರೀಬೇಡಿ: ಸಪ್ಲೈ ಡಬ್ಬಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಅಂಕಿ ಬರೆದುಕೊಂಡು ಸಪ್ಲೈ ಒಂದನ್ನೇ ಅಂಗಡಿಗೆ ಒಯ್ಯಿರಿ. ಬ್ಯಾಗೂ ಹಗುರ, ಮಾತೂ ಚಿಕ್ಕದು.